ಆರೋಗ್ಯಮ್ಮನನ್ನು ಸಂತ ಪಟ್ಟದಿಂದ ಇಳಿಸಿದ್ದು

ಉಪದೇಶಿ ಎಂದರೆ ಏನು ಕೆಲಸ ಎಂದು ಹೆಣ್ಣು ನೋಡಲು ಹೋದ ದಿನ ನನ್ನ ಮಾವನವರಾಗಲಿದ್ದವರು ಕೇಳಿದರು. ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವುದು, ಜ್ಞಾನಸ್ನಾನಕ್ಕೂ ಮದುವೆಗೂ ಜನರನ್ನು ತಯಾರು ಮಾಡುವುದು, ಫಾದರ್ ಊರಲ್ಲಿ ಇಲ್ಲದಾಗ ಸಾವಿನ ಮನೆಗಳಲ್ಲಿ ಜಪಸರದ ಪ್ರಾರ್ಥನೆ ನಡೆಸುವುದು ಎಂದು ನಾನು ಗಂಭೀರವಾಗಿ ವಿವರಿಸಿದೆ. ಅವರು ಕಾಫಿ ಮುಗಿಯುವವರೆಗೂ ತಲೆಯಾಡಿಸಿ, ಅದೆಲ್ಲ ಸರಿ, ಕೆಲಸ ಏನು ಮಾಡ್ತಿದ್ದೀರಿ ಎಂದು ಮತ್ತೆ ಕೇಳಿದರು. ಹೆಣ್ಣು ಕೊಟ್ಟರು, ಆ ಮಾತು ಬೇರೆ. ಆದರೆ ಕೊನೆಯವರೆಗೂ ಅವರಿಗೆ ನನ್ನ ಕೆಲಸ ಏನೆಂದು ಗೊತ್ತಾಗಲಿಲ್ಲ.

ಈಗ ಆ ಕೆಲಸದಿಂದ ನಿವೃತ್ತನಾಗಿ ಶಿವಮೊಗ್ಗದ ವಿನೋಬನಗರದಲ್ಲಿ ಹಾಯಾಗಿದ್ದೇನೆ. ಹೊಸದಾಗಿ ಉಪದೇಶಿಗಳಾದ ಕೆಲವು ಹುಡುಗ ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ಚೌರಪ್ಪ ಸಾರ್, ನಿಮ್ಮ ಅನುಭವ ಬರೆದುಕೊಡಿ, ನಮಗೆ ದಾರಿದೀಪ ಆಗುತ್ತೆ ಎಂದರು. ದಾರಿದೀಪ ಎಂಬ ಮಾತು ಕೇಳಿ ನನ್ನ ಹೆಂಡತಿ ಸ್ಟೆಲ್ಲಾ ಅಡುಗೆಮನೆಯಿಂದ ಜೋರಾಗಿ ಕೆಮ್ಮಿದಳು. ಮಕ್ಕಳೇ, ಆ ಕೆಮ್ಮಿಗೆ ಅರ್ಥವಿದೆ. ನಾನು ಎಷ್ಟು ಸಲ ದಾರಿ ತಪ್ಪಿಸಿದ್ದೇನೆ ಎಂಬುದು ಅವಳಿಗೆ ಗೊತ್ತು. ಆದ್ದರಿಂದ ಉಪದೇಶ ಬಿಟ್ಟು ನಡೆದದ್ದನ್ನೇ ಬರೆಯುತ್ತೇನೆ, ಅದರಲ್ಲೂ ಸಂತರ ವಿಷಯಕ್ಕೆ ಸಂಬಂಧಪಟ್ಟದ್ದನ್ನು. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಎಡವಿದ್ದು ಅಲ್ಲಿಯೇ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಭದ್ರಾವತಿಯ ದೊಡ್ಡ ಫಾದರ್. ಅವರಿಗೆ ಒಂದು ಚೆಂದದ ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ. ಆಳು ಗಿಡ್ಡ, ಕೋಪ ದೊಡ್ಡದು. ಸಂದರ್ಶನಕ್ಕೆ ಹೋದಾಗ ಅವರು ಮೊಪೆಡ್ಡಿನ ಪ್ಲಗ್ ಉಜ್ಜುತ್ತಾ, ಸಂತರು ಎಂದರೆ ಯಾರು ಹೇಳು ಎಂದರು. ನಾನು ಕಂಠಪಾಠ ಒಪ್ಪಿಸಿದೆ: ದೇವರಿಗೆ ಮೆಚ್ಚುಗೆಯಾಗಿ ಬಾಳಿ, ಈಗ ಪರಲೋಕದಲ್ಲಿ ಅವರ ಸನ್ನಿಧಿಯಲ್ಲಿದ್ದು, ನಮಗಾಗಿ ಬೇಡಿಕೊಳ್ಳುವವರು. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ. ಒಂದಕ್ಷರ ತಪ್ಪಿರಲಿಲ್ಲ. ದೊಡ್ಡ ಫಾದರ್ ಪ್ಲಗ್ಗನ್ನು ಊದಿ, ಇಷ್ಟನ್ನು ಪುಸ್ತಕವೇ ಹೇಳುತ್ತದೆ, ನಿನಗೆ ಸಂಬಳ ಯಾಕೆ ಕೊಡಬೇಕು ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ತೋಚಿದ ದಿನ ಬಂದು ಹೇಳು, ಅಲ್ಲಿಯವರೆಗೆ ಕೆಲಸ ಮಾಡ್ತಿರು ಎಂದು ಮೊಪೆಡ್ ಹತ್ತಿ ಹೊರಟೇಬಿಟ್ಟರು.

ಮೊದಲ ವರ್ಷವೇ ನಾನು ಅವರಿಗೆ ಒಳ್ಳೆಯ ಕಾಣಿಕೆ ಕೊಟ್ಟೆ. ಸಂತ ಜೋಸೆಫರ ಹಬ್ಬದ ಮೆರವಣಿಗೆಗೆ ಅವರ ಸ್ವರೂಪಕ್ಕೆ, ಅಂದರೆ ಪ್ರತಿಮೆಗೆ, ಬಣ್ಣ ಹೊಡೆಸಬೇಕಾಗಿತ್ತು. ಹಿಂದಿನ ಕೋಣೆಯಲ್ಲಿ ಎರಡು ಸ್ವರೂಪಗಳಿದ್ದವು. ಒಂದು ಜೋಸೆಫರದು, ಇನ್ನೊಂದು ಸಂತ ಅಂತೋಣಿಯವರದು. ಇಬ್ಬರ ತೋಳಿನಲ್ಲೂ ಬಾಲಯೇಸು, ಇಬ್ಬರ ಕೈಯಲ್ಲೂ ಲಿಲ್ಲಿ ಹೂವು, ಇಬ್ಬರದೂ ಕಂದು ನಿಲುವಂಗಿ. ಜೋಸೆಫರಿಗೆ ಗಡ್ಡವಿದೆ, ಅಂತೋಣಿಯವರಿಗಿಲ್ಲ, ಇಷ್ಟೇ ಗುರುತು. ಬಣ್ಣಕ್ಕೆ ಮಲವಗೊಪ್ಪದ ಬಸಣ್ಣನನ್ನು ಕರೆಸಿದ್ದೆ. ಲಾರಿಗಳ ಹಿಂದೆ ಹುಲಿ, ಹದ್ದು, ಸೂರ್ಯೋದಯ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಮಗು ಎತ್ತಿಕೊಂಡವರನ್ನು ತಗೋ ಎಂದು ಹೇಳಿ ನಾನು ಪಾಠಕ್ಕೆ ಹೋದೆ. ಅವನು ಬಾಗಿಲಿಗೆ ಹತ್ತಿರವಿದ್ದವರನ್ನು ತೆಗೆದುಕೊಂಡ. ಅಂತೋಣಿಯವರು ಸಿಕ್ಕರು.

ನಾನು ವಾಪಸ್ಸು ಬರುವಷ್ಟರಲ್ಲಿ ಅಂತೋಣಿಯವರಿಗೆ ಕಪ್ಪನೆಯ ಗಡ್ಡ ಬಂದಿತ್ತು, ಮೀಸೆಯನ್ನೂ ತಿರುವಿದ್ದ. ಮಗು ಇರೋ ಮನುಷ್ಯ, ಮುಖ ಬೋಳಿದ್ದರೆ ಚೆನ್ನಾಗಿರಲ್ಲ ಸಾರ್ ಎಂದು ಬಸಣ್ಣ ವಿವರಿಸಿದ. ನಾನು ಗಡ್ಡ ನೋಡಿ, ಇವರೇ ಜೋಸೆಫರು ಎಂದು ಖಾತ್ರಿ ಮಾಡಿಕೊಂಡು ಶಹಭಾಸ್ ಬೇರೆ ಹೇಳಿದೆ. ಮೆರವಣಿಗೆ ಬ್ಯಾಂಡಿನ ಸಮೇತ ಹೊರಟು ಬಸ್‌ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಮುಂದಿನ ಸಾಲಿನ ಒಬ್ಬ ಅಜ್ಜಿ ನಿಂತು, ಕಣ್ಣು ಕಿರಿದು ಮಾಡಿ, ಅಂತೋಣಪ್ಪನಿಗೆ ಗಡ್ಡ ಯಾವಾಗ ಬಂತು ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಬ್ಯಾಂಡಿನವರು ನಗು ತಡೆಯಲಾಗದೆ ಊದುವುದನ್ನು ನಿಲ್ಲಿಸಿದರು. ದೊಡ್ಡ ಫಾದರ್ ಮುಂದೆ ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಜನರ ಕಡೆ ತಿರುಗಿ, ಸ್ವರೂಪ ಅಂದರೆ ಮನೆಯಲ್ಲಿಟ್ಟ ಅಪ್ಪನ ಫೋಟೋ ಇದ್ದ ಹಾಗೆ, ಫೋಟೋ ಅದಲುಬದಲಾದರೆ ಅಪ್ಪ ಅದಲುಬದಲಾಗಲ್ಲ, ನಡೀರಿ ಮುಂದೆ ಎಂದರು. ನಂತರ ಟರ್ಪೆಂಟೈನ್ ಹಾಕಿ ಗಡ್ಡ ತೆಗೆಸಿದೆವು. ಪೂರ್ತಿ ಹೋಗಲಿಲ್ಲ. ಆಗಷ್ಟೇ ಶೇವ್ ಮಾಡಿಕೊಂಡು ಬಂದವರ ಗದ್ದದ ಹಾಗೆ ಒಂದು ನೀಲಿ ಛಾಯೆ ಉಳಿದುಕೊಂಡಿದೆ.

ಪಾಠದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಪ್ರಶ್ನೋತ್ತರ, ಬೆತ್ತ, ಕಂಠಪಾಠ. ಆಮೇಲೆ ಬಟ್ಟೆಯ ಮೇಲಿನ ಚಿತ್ರಗಳು ಬಂದವು. ಆಮೇಲೆ ಪ್ರೊಜೆಕ್ಟರ್ ಬಂತು, ಕರೆಂಟು ಹೋಗತೊಡಗಿತು. ಈಗ ಮೊಬೈಲಿನಲ್ಲಿ ಕ್ವಿಜ್ಜು, ಉತ್ತರ ತಪ್ಪಾದರೆ ಕಪ್ಪೆ ವಟಗುಟ್ಟುತ್ತದೆ. ಆದರೆ ಸಂತರು ಎಂದೊಡನೆ ಮಕ್ಕಳ ತಲೆಯಲ್ಲಿ ಬರುವ ಚಿತ್ರ ಮಾತ್ರ ಬದಲಾಗಲಿಲ್ಲ: ಬಿಳಿಯ ವಿದೇಶಿ, ಬಡಕಲು ಶರೀರ, ಮೇಲಕ್ಕೆ ನೆಟ್ಟ ಕಣ್ಣು. ಒಮ್ಮೆ ಗಾಜನೂರಿಗೆ ಪಿಕ್‌ನಿಕ್ ಕರೆದುಕೊಂಡು ಹೋಗಿದ್ದಾಗ ಒಬ್ಬಳು ಚಿತ್ರಾನ್ನದ ತಟ್ಟೆ ಹಿಡಿದು ಬಂದು, ಸಾರ್, ದಪ್ಪ ಇರೋ ಸಂತರು ಇದ್ದಾರಾ ಎಂದು ಬಹಳ ಕಳವಳದಿಂದ ಕೇಳಿದಳು. ಇದ್ದಾರೆ, ಸಂತ ಥಾಮಸ್ ಅಕ್ವಿನಾಸರು ಭಾರೀ ಗಾತ್ರದವರಂತೆ ಎಂದೆ. ಅವಳು ನೆಮ್ಮದಿಯಿಂದ ಹೋಗಿ ಇನ್ನೊಮ್ಮೆ ಬಡಿಸಿಕೊಂಡಳು. ಪವಿತ್ರರಾಗುವ ಕರೆ ಪಾದ್ರಿಗಳಿಗೆ, ಸಿಸ್ಟರುಗಳಿಗೆ ಮಾತ್ರವಲ್ಲ, ಎಲ್ಲರಿಗೂ ಇದೆ ಎಂದು ನಾನು ಆ ದಿನ ಮರದ ಕೆಳಗೆ ನಿಂತು ಸೊಗಸಾಗಿ ಭಾಷಣ ಮಾಡಿದೆ. ಆರೋಗ್ಯಮ್ಮನ ಪ್ರಕರಣ ಬರುವವರೆಗೆ ನಾನು ಆಡುತ್ತಿದ್ದ ಮಾತು ನನಗೇ ಅರ್ಥವಾಗಿರಲಿಲ್ಲ.

ಇದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಡೆದದ್ದು. ಭದ್ರಾವತಿಯಲ್ಲಿ ಕಾರ್ಖಾನೆಯವರ ಹಳೆಯ ಸಾಲುಮನೆಗಳಿವೆಯಲ್ಲ, ಅಂಥ ಒಂದು ಸಾಲಿನಲ್ಲಿ ಆರೋಗ್ಯಮ್ಮ ಇದ್ದರು. ಗಂಡ ಫಿಟ್ಟರ್ ಆಗಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಇವರು ಇಡ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಪೂಜೆಗೆ ಬರುತ್ತಿದ್ದರು, ಚರ್ಚಿನ ಮೆಟ್ಟಿಲಿಳಿದ ಕೂಡಲೇ ಯಾರೊಂದಿಗಾದರೂ ಜಗಳಕ್ಕೆ ನಿಲ್ಲುತ್ತಿದ್ದರು. ಕೈ ಧಾರಾಳ, ನಾಲಿಗೆ ಕತ್ತರಿ. ಕಾಯಿಲೆ ಬಿದ್ದವರ ಮನೆಗೆ ಗಂಜಿ ತೆಗೆದುಕೊಂಡು ಹೋಗಿ, ಕುಡಿಸುವಾಗಲೂ ಬೈಯುತ್ತಿದ್ದರು.

ಪಕ್ಕದ ಮನೆಯಲ್ಲಿ ಶಾರದಮ್ಮ. ವೈದಿಕರ ಮನೆತನ, ಅಪ್ಪ ಪುರೋಹಿತರು, ಗಂಡ ಕಾರ್ಖಾನೆಯಲ್ಲಿ ಗುಮಾಸ್ತರು. ಮದುವೆಯಾಗಿ ಆ ಸಾಲಿಗೆ ಬಂದ ಹೊಸದರಲ್ಲಿ ಆರೋಗ್ಯಮ್ಮನ ನೆರಳು ಬಿದ್ದರೂ ಸರಿದು ನಿಲ್ಲುತ್ತಿದ್ದರಂತೆ. ಯಾವಾಗ ಅವರ ಒರಳು ಕೆಟ್ಟು ಆರೋಗ್ಯಮ್ಮನ ಹಿಟ್ಟು ತರಿಸಿದರೋ, ಆ ದೋಸೆಯೊಂದಿಗೆ ಮಡಿಯೂ ಹೊಟ್ಟೆಗೆ ಹೋಯಿತು. ಅಲ್ಲಿಂದ ಇಬ್ಬರದೂ ಎರಡು ಮನೆ, ಒಂದು ಜಗಲಿ. ಸಂಜೆಯಾದರೆ ಚೌಕಾಬಾರದ ಮನೆ ಬರೆದು ಕವಡೆ ಹಿಡಿದು ಕೂರುತ್ತಿದ್ದರು. ಸ್ತೋತ್ರ ಹೇಳುತ್ತಾ ಹೇಳುತ್ತಾ ಶಾರದಮ್ಮ ತಮ್ಮ ಕಾಯಿಯನ್ನು ಎರಡು ಮನೆ ಮುಂದೆ ತಳ್ಳುತ್ತಿದ್ದರು. ಆರೋಗ್ಯಮ್ಮ ಅದನ್ನು ಹಿಡಿದು, ಕಳ್ಳಿ ಎಂದು ಕೂಗಿ, ಕವಡೆಗಳನ್ನು ಮೋರಿಗೆ ಎಸೆಯುತ್ತಿದ್ದರು. ಬೆಳಿಗ್ಗೆ ಇಬ್ಬರೂ ಸೇರಿ ಕಡ್ಡಿಯಲ್ಲಿ ಅವನ್ನು ಮೋರಿಯಿಂದ ಎತ್ತಿ ತೊಳೆಯುತ್ತಿದ್ದರು. ಇದು ಅವರ ನಿತ್ಯದ ಕಾರ್ಯಕ್ರಮ.

ಒಂದು ದಿನ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಹೆಂಗಸರು, ಮಕ್ಕಳು ಎಲ್ಲ ನೀರಿಗೆ ನಿಂತಿದ್ದರು. ಶಾರದಮ್ಮನೂ ಇದ್ದರು. ಆರೋಗ್ಯಮ್ಮ ತಮ್ಮ ಕೊಡ ಇಟ್ಟು ಪೂಜೆಗೆ ಹೋಗಿ ಬರುವಷ್ಟರಲ್ಲಿ ಅದನ್ನು ಯಾರೋ ಸಾಲಿನ ಕೊನೆಗೆ ಸರಿಸಿದ್ದರು. ಅವರಿಗೆ ಪಿತ್ತ ನೆತ್ತಿಗೇರಿತು. ಮನೆಯಿಂದ ಪೊರಕೆ ತಂದು, ಯಾರಿಗೂ ನೀರಿಲ್ಲ, ನಡೀರಿ ಎಲ್ಲಾ ಎಂದು ಇಡೀ ಸಾಲನ್ನು ಅಟ್ಟಿಸಿಕೊಂಡು ರಸ್ತೆಯ ಆ ತುದಿಯವರೆಗೆ ಓಡಿಸಿದರು. ಎಲ್ಲರೂ ಅಲ್ಲಿ ಏದುಸಿರು ಬಿಡುತ್ತಾ ಅವರನ್ನು ಶಪಿಸುತ್ತಿರುವಾಗ, ನಲ್ಲಿಯ ಪಕ್ಕದ ಹಳೆಯ ಮಳೆಮರ ಬುಡಸಮೇತ ಉರುಳಿ, ಅವರು ನಿಂತಿದ್ದ ಜಾಗದ ಮೇಲೆಯೇ ಬಿತ್ತು. ನಲ್ಲಿ ನಜ್ಜುಗುಜ್ಜಾಯಿತು. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ.

ಬಿದ್ದ ಮರದ ಮುಂದೆ ಪೊರಕೆ ಹಿಡಿದು ನಿಂತ ಆರೋಗ್ಯಮ್ಮನನ್ನು ಆ ಸಾಲಿನ ಟೈಲರ್ ಮುನೀರ್ ಮೊಬೈಲಿನಲ್ಲಿ ವಿಡಿಯೋ ಮಾಡಿ, ಹಿಂದೆ ಒಂದು ಭಕ್ತಿಯ ಸಂಗೀತ ಸೇರಿಸಿ ಬಿಟ್ಟ. ಸಂಜೆಯೊಳಗೆ ಭದ್ರಾವತಿಯೆಲ್ಲ ನೋಡಿತು. ಅಮ್ಮನಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಎಲ್ಲರನ್ನೂ ಓಡಿಸಿದ್ದು ಎಂದಾಯಿತು. ಮರುದಿನ ಜಗಲಿಯ ಮೇಲೆ ಮೇಣದಬತ್ತಿ, ಅದರ ಮಾರನೆಯ ದಿನ ತೆಂಗಿನಕಾಯಿ, ಊದುಬತ್ತಿ. ವಾರ ಕಳೆಯುವಷ್ಟರಲ್ಲಿ ಶಿವಮೊಗ್ಗದಿಂದಲೂ ಆಟೋ ಮಾಡಿಕೊಂಡು ಬರತೊಡಗಿದರು. ಮಂಗಳವಾರ ಮತ್ತು ಶುಕ್ರವಾರ ವಿಶೇಷ ದಿನ ಎಂದು ಯಾರೋ ಗೊತ್ತುಮಾಡಿದರು.

ಆರೋಗ್ಯಮ್ಮ ನೇರ ಚರ್ಚಿಗೆ ಬಂದು ನನ್ನನ್ನು ಹಿಡಿದರು.

"ಉಪದೇಶಿಯವರೇ, ನೀವೇ ಹೇಳಿ. ಮರ ಬೀಳುತ್ತೆ ಅಂತ ಮುಂಚೇನೆ ಗೊತ್ತಿದ್ರೆ ನನ್ನ ಕೊಡ ಯಾಕೆ ಅಲ್ಲೇ ಬಿಟ್ಟು ಬರ್ತಿದ್ದೆ? ತಾಮ್ರದ್ದು ಕಣ್ರೀ. ಅಪ್ಪಚ್ಚಿಯಾಗಿ ಹೋಯ್ತು."

ಇಷ್ಟು ಒಳ್ಳೆಯ ತರ್ಕವನ್ನು ನಾನು ಯಾವ ಧರ್ಮಶಾಸ್ತ್ರದ ತರಗತಿಯಲ್ಲೂ ಕೇಳಿರಲಿಲ್ಲ. ಅದನ್ನೇ ಅವರು ಜನರಿಗೂ ಹೇಳಿದ್ದರಂತೆ. ಜನ, ನೋಡಿ ಎಂಥ ವಿನಯ ಎಂದು ಇನ್ನೊಮ್ಮೆ ಕೈಮುಗಿದರಂತೆ.

ಆಗ ನಮ್ಮ ಚರ್ಚಿನ ಗುರುಗಳು ಫಾದರ್ ಪ್ರವೀಣ್. ಬಹಳ ಓದಿಕೊಂಡ ಯುವಕರು, ಯಾವುದಕ್ಕೂ ಬೇಗ ಗಾಬರಿಯಾಗುತ್ತಿದ್ದರು. ಬದುಕಿರುವವರಿಗೆ ಮೇಣದಬತ್ತಿ ಹಚ್ಚುವುದು ಧರ್ಮಸಭೆಯ ನಿಯಮಕ್ಕೆ ವಿರುದ್ಧ, ಸತ್ತವರಿಗೂ ಧರ್ಮಸಭೆ ವಿಚಾರಿಸಿ ತೀರ್ಮಾನಿಸುವವರೆಗೆ ಬಹಿರಂಗ ಭಕ್ತಿ ಸಲ್ಲದು, ಬಿಷಪರು ಕೇಳಿದರೆ ಏನು ಹೇಳಲಿ ಎಂದು ಅವರು ಊಟ ಬಿಟ್ಟರು. ಭಾನುವಾರ ಪೀಠದಿಂದಲೇ ಪ್ರಕಟಣೆ ಮಾಡುತ್ತೇನೆ, ಆರೋಗ್ಯಮ್ಮ ಸಂತಳಲ್ಲ ಎಂದು ಹೇಳುತ್ತೇನೆ ಎಂದರು. ಅದು ಹೇಗೋ ಆರೋಗ್ಯಮ್ಮನ ಕಿವಿಗೆ ಬಿತ್ತು. ಅದನ್ನ ಹೇಳೋಕೆ ಇವರ್ಯಾರು, ನಾನು ಸಂತಳಲ್ಲ ಅಂತ ನಾನು ಹೇಳಬಹುದು, ಈ ಹುಡುಗ ಹೇಳಬಾರದು ಎಂದು ಹಾರಾಡಿದರು. ಪ್ರಕಟಣೆ ಅಲ್ಲಿಗೇ ನಿಂತಿತು. ಅದರ ಬದಲಿಗೆ ಫಾದರ್, ಇಲ್ಲಿ ಆರಾಧನೆ ಮಾಡಬಾರದು ಎಂದು ಒಂದು ಬೋರ್ಡು ಬರೆಸಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ನಾನು ಅದನ್ನು ಅವರ ಗೇಟಿಗೆ ಕಟ್ಟಿ ಬಂದೆ. ಮರುದಿನ ನೋಡಿದರೆ ಬೋರ್ಡಿಗೂ ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿದ್ದರು.

ಇನ್ನು ನಾನೇ ಬುದ್ಧಿ ಹೇಳುತ್ತೇನೆ ಎಂದು ಹೊರಟೆನಲ್ಲ, ಅದು ನನ್ನ ವೃತ್ತಿಜೀವನದ ಮಹಾ ಎಡವಟ್ಟು. ಶುಕ್ರವಾರ ಜಗಲಿಯ ಮೇಲೆ ನಿಂತು ಜನರಿಗೆ ಸಂತ ಪದವಿಯ ಕ್ರಮ ವಿವರಿಸಿದೆ. ಮೊದಲು ಮನುಷ್ಯ ತೀರಿಕೊಳ್ಳಬೇಕು. ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆಮೇಲೆ ವಿಚಾರಣೆ. ದೇವರ ಸೇವಕ, ಪೂಜ್ಯ, ಪುನೀತ, ಕೊನೆಗೆ ಸಂತ, ಹೀಗೆ ಮೆಟ್ಟಿಲುಗಳಿವೆ. ಅವರು ತೀರಿಕೊಂಡ ಮೇಲೆ ಅವರ ಬೇಡಿಕೆಯಿಂದ ಪುನೀತ ಪದವಿಗೆ ಒಂದು ಪವಾಡ, ಸಂತ ಪದವಿಗೆ ಇನ್ನೊಂದು ನಡೆದಿರಬೇಕು. ಇಷ್ಟು ಕಷ್ಟವಿದೆ ಎಂದು ತಿಳಿದರೆ ಜನ ತಣ್ಣಗಾಗುತ್ತಾರೆ ಎಂದು ನನ್ನ ಲೆಕ್ಕಾಚಾರ. ಜನರ ಕಿವಿಗೆ ಬಿದ್ದದ್ದು ಎರಡು ಪವಾಡ ಎಂಬುದೊಂದೇ. ಒಂದು ಆಯ್ತು, ಇನ್ನೊಂದು ಬೇಕು ಎಂದು ಸಾಲಿಗೆ ಸಾಲೇ ಹುಡುಕಾಟಕ್ಕೆ ಬಿತ್ತು. ಒಬ್ಬರ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎಂದಿಗಿಂತ ಹೆಚ್ಚು ದಿನ ಬಂದಿತ್ತು. ಇನ್ನೊಬ್ಬರ ಅಳಿಯ ತಾನಾಗಿಯೇ ಫೋನ್ ಮಾಡಿದ್ದ. ಮುನೀರನ ಹೊಲಿಗೆ ಮಿಷನ್ನು ರಿಪೇರಿಯಿಲ್ಲದೆ ಸರಿಯಾಗಿತ್ತು. ಒಬ್ಬ ಹಿರಿಯರು ಬಹಳ ಗೌರವದಿಂದ, ಹಾಗಾದ್ರೆ ಅಮ್ಮನದು ಇನ್ನೂ ಎಷ್ಟು ವರ್ಷ ಆಗಬಹುದು ಸಾರ್ ಎಂದು ನನ್ನನ್ನು ಕೇಳಿದರು. ಆರೋಗ್ಯಮ್ಮ ಪಕ್ಕದಲ್ಲೇ ಕುಳಿತಿದ್ದರು.

ಆಮೇಲೆ ಅವರು ತಾವೇ ಕಾರ್ಯಾಚರಣೆಗೆ ಇಳಿದರು. ಕೆಟ್ಟ ಹೆಸರು ತೆಗೆದುಕೊಳ್ಳಬೇಕೆಂದು ಹಟ ತೊಟ್ಟು ಮ್ಯಾಟಿನಿಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ಸಿಳ್ಳೆ ಹೊಡೆದರು. ಮಗುವಿನಂಥ ಮನಸ್ಸು ಎಂದರು ಜನ. ಬಂದವರನ್ನೆಲ್ಲ ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡವರ ಕೆಲಸ ಆಗುತ್ತದೆ ಎಂದು ಸುದ್ದಿಯಾಯಿತು. ಕೆಲಸದ ಇಂಟರ್‌ವ್ಯೂಗೆ ಹೊರಟವನೊಬ್ಬ ಟೈ ಕಟ್ಟಿಕೊಂಡು ಬಂದು, ಅಮ್ಮಾ, ಸ್ವಲ್ಪ ಜಾಸ್ತಿನೇ ಬೈದುಬಿಡಿ ಎಂದು ಕೇಳಿಕೊಂಡನಂತೆ. ಬೇಸತ್ತು ಬಾಯಿ ಮುಚ್ಚಿದರು. ಮೌನವ್ರತ ಎಂದಾಯಿತು. ನಾನು ಮನೆಗೆ ಬಂದು ಇದನ್ನೆಲ್ಲ ಸ್ಟೆಲ್ಲಾಗೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ನಗು ನಿಂತದ್ದು ಮರುದಿನ ಸಂಜೆ. ಆರೋಗ್ಯಮ್ಮ ಖಾಲಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕುಳಿತಿದ್ದರು. ಹತ್ತಿರ ಹೋದರೆ ಕಣ್ಣು ಕೆಂಪಗಾಗಿತ್ತು. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

"ಶಾರದಾ ಸೋಲ್ತಿದಾಳೆ ಕಣ್ರೀ. ಬೇಕೂ ಬೇಕೂ ಅಂತ ಸೋಲ್ತಾಳೆ. ಕಾಯಿ ತಳ್ಳೋದೇ ಬಿಟ್ಟುಬಿಟ್ಟಿದಾಳೆ. ನಾನು ಬೈದ್ರೆ ಪ್ರಸಾದದ ಹಾಗೆ ಕಣ್ಣಿಗೆ ಒತ್ಕೋತಾಳೆ. ಜಗಲಿ ಮೇಲೆ ಕೂರಲ್ಲ, ಕೆಳಗೆ ಮೆಟ್ಟಿಲ ಮೇಲೆ ಕೂರ್ತಾಳೆ. ಈ ಊರೆಲ್ಲ ಬಂದು ಕೈಮುಗೀಲಿ, ನಂಗೇನು. ಅವಳೊಬ್ಬಳು ಮುಗೀಬಾರ್ದಿತ್ತು. ನಾನಿನ್ನು ಯಾರ ಹತ್ರ ಮಾತಾಡ್ಲಿ?"

ಆ ದಿನ ನಲ್ಲಿಯ ಕೆಳಗೆ ಬಗ್ಗಿ ನಿಂತಿದ್ದವರು ಶಾರದಮ್ಮನೇ. ಮರದ ದೊಡ್ಡ ಕೊಂಬೆ ಬಿದ್ದದ್ದು ಸರಿಯಾಗಿ ಅಲ್ಲಿಗೇ. ಬೇರೆಯವರದು ಸುದ್ದಿ ಕೇಳಿ ಹುಟ್ಟಿದ ಭಕ್ತಿ, ಶಾರದಮ್ಮನದು ಹಾಗಲ್ಲ. ತನ್ನ ಜೀವ ಉಳಿಸಿದವಳ ಜೊತೆ ಸರಿಸಮ ಕುಳಿತು ಹೇಗೆ ಮೋಸದಾಟ ಆಡುವುದು ಎಂದು ಆ ಹೆಂಗಸು ಒದ್ದಾಡುತ್ತಿದ್ದರು. ಇತ್ತ ಇವರಿಗೆ ಇದ್ದೊಬ್ಬ ಗೆಳತಿ ಕಣ್ಣೆದುರೇ ಭಕ್ತೆಯಾಗಿ ದೂರ ಹೋಗುತ್ತಿದ್ದಳು.

ನನಗೆ ಗೊತ್ತಿದ್ದ ಪಾಠವನ್ನೇ ಹೇಳಿದೆ. ಸಂತ ಪೌಲರು ಪತ್ರ ಬರೆಯುವಾಗ ಜಗಳಗಂಟ ಊರಿನ ಸಾಮಾನ್ಯ ಜನರನ್ನೇ ಪವಿತ್ರರು ಎಂದು ಕರೆದದ್ದನ್ನು ಹೇಳಿದೆ. ನವೆಂಬರಿನಲ್ಲಿ ಸಕಲ ಸಂತರ ಹಬ್ಬ ಮಾಡುವುದೇ ಹೆಸರು ಗೊತ್ತಿಲ್ಲದ, ಸ್ವರೂಪವಿಲ್ಲದ ಸಂತರಿಗಾಗಿ ಎಂದೆ. ಕೆಲವರನ್ನು ಆರಿಸಿ ಎತ್ತರದಲ್ಲಿ ಕೂರಿಸಲಿಕ್ಕಲ್ಲ ಈ ಕರೆ, ದೇವರು ಪ್ರತಿಯೊಬ್ಬರನ್ನೂ ಕರೆಯುತ್ತಾರೆ, ಅವರವರ ಅಡುಗೆಮನೆಯಲ್ಲಿ, ಅವರವರ ಅಂಗಡಿಯಲ್ಲಿ ಎಂದೆ. ಆರೋಗ್ಯಮ್ಮ ಮೂಗು ಒರೆಸಿಕೊಂಡು ಕೇಳುತ್ತಿದ್ದವರು ತಟ್ಟನೆ ತಲೆ ಎತ್ತಿದರು.

"ಶಾರದಾನೂ?"

"ಅವರೂ. ಕರೆಯೋವಾಗ ದೇವರು ಜಾತಿ, ಮನೆ ನಂಬರ್ ನೋಡ್ತಾರಾ?"

"ಆ ಮುನೀರೂ?"

"ಅವನೂ."

"ನೀವೂ?"

ಹೌದು, ನಾನೂ ಎನ್ನಲು ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಪಾಠವನ್ನು ನನಗೆ ನಾನು ಹೇಳಿಕೊಂಡೇ ಇರಲಿಲ್ಲ. ಆರೋಗ್ಯಮ್ಮ ನನ್ನ ಮುಖ ನೋಡಿ ಬಹಳ ದಿನಗಳ ಮೇಲೆ ನಕ್ಕರು. ಸೆರಗು ಸಿಕ್ಕಿಸಿಕೊಂಡು ಎದ್ದು ಹೋದರು.

ಮಂಗಳವಾರ ಫಾದರ್ ಪ್ರವೀಣ್ ನನ್ನನ್ನು ಜನ ನಿಯಂತ್ರಣಕ್ಕೆ ಎಂದು ಅಲ್ಲಿಗೆ ಕಳಿಸಿದ್ದರು. ಜಗಲಿಯ ಮುಂದೆ ಜಾತ್ರೆಯಷ್ಟು ಜನ. ಆರೋಗ್ಯಮ್ಮ ತೊಳೆದ ಸೀರೆಯುಟ್ಟು, ತಮಗೇ ಬಂದಿದ್ದ ಹಾರಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹೊತ್ತು ಹೊರಗೆ ಬಂದರು. ಜನ ಕೈಮುಗಿಯುವ ಮೊದಲೇ ಅವರು ಮುನೀರನ ಕೊರಳಿಗೆ ಹಾರ ಹಾಕಿ, ಬಗ್ಗಿ ಅವನ ಕಾಲು ಮುಟ್ಟಿದರು. ಮುನೀರ್ ಹಾವು ತುಳಿದವನಂತೆ ಎಗರಿದ. ದೇವರು ನಿನ್ನನ್ನೂ ಸಂತ ಆಗು ಅಂತ ಕರೆದಿದಾರಪ್ಪ, ಉಪದೇಶಿಯವರೇ ಹೇಳಿದ್ರು, ಇನ್ನು ಮೇಲೆ ಹೇಳಿದ ದಿನಾನೇ ಬ್ಲೌಸ್ ಕೊಡಬೇಕು, ಉಳಿದ ಬಟ್ಟೇನೂ ವಾಪಸ್ ಕೊಡಬೇಕು ಎಂದರು. ಅಲ್ಲಿದ್ದ ಹೆಂಗಸರೆಲ್ಲ ಹೌದು ಹೌದು ಎಂದರು. ಮುನೀರ್ ಹಾರದ ಸಮೇತ ಅಂಗಡಿಗೆ ಓಡಿದ.

ಮುಂದಿನ ಹಾರ ತರಕಾರಿ ಗಾಡಿಯವನಿಗೆ. ನೀನೂ ಸಂತ, ತಕ್ಕಡಿ ಕೆಳಗೆ ಅಂಟಿಸಿದ ಕಲ್ಲು ತೆಗಿ. ಅದರ ಮುಂದಿನದು ಅತ್ತೆಯನ್ನು ಊಟಕ್ಕೆ ಕರೆಯದ ಸೊಸೆಗೆ. ಅದರ ಮುಂದಿನದು ಸೊಸೆಯನ್ನು ತಿನ್ನಲು ಬಿಡದ ಅತ್ತೆಗೆ. ಆರೋಗ್ಯಮ್ಮನಿಗೆ ಆ ಸಾಲಿನ ಪ್ರತಿ ಮನೆಯ ಸಂಗತಿಯೂ ಗೊತ್ತು. ಹಾರ ಹಿಡಿದು ತಿರುಗಿದ ಕಡೆ ಜನ ಜಾಗ ಖಾಲಿ ಮಾಡತೊಡಗಿದರು. ಇನ್ನೊಬ್ಬರು ಸಂತರಾಗುವುದಾದರೆ ಎಲ್ಲರೂ ತೆಂಗಿನಕಾಯಿ ತರುತ್ತಾರೆ, ನೀನಾಗು ಎಂದರೆ ಚಪ್ಪಲಿ ಹುಡುಕುತ್ತಾರೆ. ಶಿವಮೊಗ್ಗದ ಆಟೋಗಳು ಜನ ಇಳಿಯುವ ಮೊದಲೇ ತಿರುಗಿಕೊಂಡವು. ನನ್ನ ಸರದಿಯೂ ಬಂತು. ಉಪದೇಶಿಯವರು ಸ್ವಲ್ಪ ಕಮ್ಮಿ ಮಾತಾಡಬೇಕು ಎಂದು ಹಾರ ಹಾಕಿದರು. ನಾನು ಓಡಿಹೋಗುವಂತಿರಲಿಲ್ಲ, ಡ್ಯೂಟಿಯಲ್ಲಿದ್ದೆ. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತ್ತು.

ಕೊನೆಗೆ ಮೆಟ್ಟಿಲ ಬಳಿ ಶಾರದಮ್ಮ ಒಬ್ಬರೇ ಉಳಿದರು. ಆರೋಗ್ಯಮ್ಮ ಬುಟ್ಟಿ ಕೆಳಗಿಟ್ಟರು. ಹಾರ ಹಾಕಲಿಲ್ಲ, ಮಂಡಿಯೂರಿ ಶಾರದಮ್ಮನ ಪಾದಗಳ ಮೇಲೆ ತಲೆಯಿಟ್ಟರು. ಶಾರದಮ್ಮ ಅಯ್ಯೋ ಎಂದು ಅವರನ್ನು ಎತ್ತಲು ಬಗ್ಗಿದವರು ಆಯತಪ್ಪಿ ತಾವೂ ಪಕ್ಕದಲ್ಲಿ ಕುಳಿತುಬಿಟ್ಟರು. ಇಬ್ಬರ ಮಂಡಿಯೂ ಕೆಟ್ಟದ್ದೇ. ಏಳಲು ಆಗಲಿಲ್ಲ. ನಾನು ಕೈ ಕೊಡಲು ಹೋದೆ, ಶಾರದಮ್ಮ ಬೇಡವೆಂದು ತಡೆದರು. ಅವರು ಅಳುತ್ತಿದ್ದರು.

"ಅವತ್ತು ನೀನು ಬಂದು ಓಡಿಸದೇ ಇದ್ದಿದ್ರೆ ನಾನು ಅಲ್ಲೇ ಹೋಗಿರ್ತಿದ್ದೆ ಕಣೇ. ಅದನ್ನ ನಾನು ಎಲ್ಲಿ ಇಟ್ಕೊಳ್ಲಿ ಹೇಳು. ನಿದ್ದೆ ಬರಲ್ಲ ನಂಗೆ. ಕೈಮುಗಿದ್ರೆ ಸ್ವಲ್ಪ ಹಗುರ ಆಗುತ್ತೆ."

"ನೀನು ಹೋಗಿದ್ರೆ ನನ್ನ ಗತಿ ಏನಾಗ್ತಿತ್ತೇ," ಎಂದರು ಆರೋಗ್ಯಮ್ಮ. "ದೇವರು ಉಳಿಸಿದ್ದು ನಿನ್ನನ್ನಲ್ಲ ಮಾರಾಯ್ತಿ, ನನ್ನನ್ನ. ನೀನು ಕೈಮುಗಿದು ನನ್ನನ್ನ ಸಾಯಿಸ್ತಿದೀಯ."

ಬೀದಿಯಲ್ಲಿ ಹೂವಿನ ಎಸಳು, ಒಡೆದ ತೆಂಗಿನಕಾಯಿ, ನಾನು. ಶಾರದಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಆರೋಗ್ಯಮ್ಮನ ಭುಜವನ್ನು ಒಮ್ಮೆ ಜೋರಾಗಿ ದೂಡಿ, "ಹಾಗಾದ್ರೆ ಆ ಕಡೆ ಸರಿ, ನನ್ನ ಸೀರೆ ಮೇಲೆ ಕೂತಿದೀಯ, ಹಂದಿ" ಎಂದರು.

ತಮಿಳು ಮನೆಮಾತಿನ ಆರೋಗ್ಯಮ್ಮ ಮನಸ್ಸು ತುಂಬಿ ಬೈಯಬೇಕೆಂದರೆ ತೆಲುಗಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ನೆಲದ ಮೇಲೆ ಕುಳಿತಲ್ಲಿಂದಲೇ ಶುರುಮಾಡಿದರು. ಸಾಲುಮನೆಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ತೆಲುಗು ನನಗೆ ಬರುವುದಿಲ್ಲ. ಶಾರದಮ್ಮನಿಗೂ ಬರುವುದಿಲ್ಲ. ಆದರೂ ಅವರು ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತಾ, ಪ್ರತಿಯೊಂದು ಬೈಗುಳಕ್ಕೂ ಹೂಂ ಹೂಂ ಎನ್ನುತ್ತಿದ್ದರು.